ನಡ್ಕೊಂಡು ಹೋಗ್ತಿರೋ ಜನಕ್ಕೆ ಜಾಝ್ ನುಡಿಸೋದು ಹೇಗೆ

ಬೀದೀಲಿ ನಿಂತು ಜಾಝ್ ನುಡಿಸ್ಬೇಕು ಅಂತ ಆಸೆ ಇರೋರು ವಾದ್ಯ ಕೈಗೆತ್ತಿಕೊಳ್ಳೋಕೆ ಮುಂಚೆ ಒಂದು ಸಣ್ಣ ಲೆಕ್ಕ ಹಾಕ್ಕೊಳ್ಳಿ. ಮನುಷ್ಯ ಮಾಮೂಲಾಗಿ ನಡೆದ್ರೆ ಸೆಕೆಂಡಿಗೆ 1.3, 1.4 ಮೀಟರ್ ಹೋಗ್ತಾನೆ. ನಿಮ್ಮ ಸ್ಯಾಕ್ಸೋ ಟ್ರಂಪೆಟ್ಟೋ ಗದ್ದಲದ ಬೀದೀಲಿ ಒಂದು 30 ಮೀಟರ್ ದೂರಕ್ಕೆ ಸರಿಯಾಗಿ ಕೇಳ್ಸುತ್ತೆ ಅಂತಿಟ್ಕೊಳ್ಳಿ, ಆಗ ನಿಮ್ಮ ಸದ್ದು ಒಬ್ಬರ ಕಿವಿಗೆ ಬಿದ್ದಾಗಿಂದ ಅವ್ರು ನಿಮ್ಮ ಎದುರಿಗೆ ಬರೋವರೆಗೆ ಸಿಗೋದು 22 ಸೆಕೆಂಡ್ ಆಸುಪಾಸು, ದಾಟಿ ಹೋದ್ಮೇಲೆ ಇನ್ನೊಂದು 22. ಈಗ 160 ಟೆಂಪೋದಲ್ಲಿ, ಅಂದ್ರೆ ನಿಮಿಷಕ್ಕೆ 160 ಬೀಟಿನ ವೇಗದಲ್ಲಿ, ಒಂದು 32 ಬಾರ್ ಸ್ಟ್ಯಾಂಡರ್ಡ್, ಅಂದ್ರೆ ಜಾಝಿನೋರೆಲ್ಲ ನುಡಿಸೋ ಹಳೇ ಹಾಡು, ತಗೊಳ್ಳಿ. ಬಾರಿಗೆ ನಾಲ್ಕು ಬೀಟಿನ ಹಾಗೆ 128 ಬೀಟು, ಒಂದು ಕೋರಸ್, ಅಂದ್ರೆ ಹಾಡಿನ ಒಂದು ಪೂರ್ತಿ ಸುತ್ತು, ಮುಗಿಯೋಕೆ 48 ಸೆಕೆಂಡ್ ಬೇಕು. ಅಲ್ಲಿಗೆ ಒಬ್ಬ ದಾರಿಹೋಕರಿಗೆ ನೀವು ಸಿಗೋದೇ ಒಂದು ಕೋರಸ್ಸು, ಅದ್ರಲ್ಲೂ ಅರ್ಧ ಅವ್ರ ಬೆನ್ನಿಗೆ ನುಡಿಸಿದ ಹಾಗೆ. ಆ ಹೊತ್ತಲ್ಲಿ ನೀವು ಕಣ್ಮುಚ್ಕೊಂಡು ನಾಲ್ಕನೇ ಸೋಲೋ ಕೋರಸ್ಸಲ್ಲಿ, ಅಂದ್ರೆ ಒಬ್ಬರೇ ಸ್ವಂತವಾಗಿ ಹೊಸೆದು ನುಡಿಸೋ ಸುತ್ತಲ್ಲಿ, ಮುಳುಗಿದ್ರೆ ಅವ್ರ ಕಿವಿಗೆ ಬೀಳೋದು ತಲೆಬುಡ ಗೊತ್ತಾಗ್ದಿರೋ ಒಂದು ರಾಶಿ ಸ್ವರ ಅಷ್ಟೇ. ಚೆನ್ನಾಗಿ ನುಡಿಸ್ತಾರೆ ಅನ್ಕೊಂಡೇ ಮುಂದೆ ಹೋಗ್ತಾರೆ, ಅವ್ರದ್ದೇನೂ ತಪ್ಪಿಲ್ಲ.

ಈ ಲೆಕ್ಕ ತಲೆಗೆ ಹತ್ತೋಕೆ ನಂಗೆ ಎರಡು ವರ್ಷ ಬೇಕಾಯ್ತು. ಅದಕ್ಕೂ ಮುಂಚೆ ನಾನು ಜನ ನಿಲ್ಲೋದಿಲ್ಲ, ಜಾಝ್ ಅಂದ್ರೆ ಅವ್ರಿಗೆ ಅರ್ಥ ಆಗೋದಿಲ್ಲ ಅಂತ ನಂಬಿದ್ದೆ. ಅದು ಸುಳ್ಳು ಅಂತ ಈಗ ಗ್ಯಾರಂಟಿ ಹೇಳ್ತೀನಿ. ಜಾಝ್ ಹುಟ್ಟಿದ್ದೇ ನಡೆಯೋ ಜನರ ಮಧ್ಯೆ. ಅಮೆರಿಕದ ನ್ಯೂ ಆರ್ಲಿಯನ್ಸಲ್ಲಿ ಬ್ರಾಸ್ ಬ್ಯಾಂಡ್‌ಗಳು ಮೆರವಣಿಗೆ ಹೊರಟಾಗ ಹಿಂದೆ ಕುಣ್ಕೊಂಡು ಸೇರ್ಕೊಳ್ತಿದ್ದ ಜನಕ್ಕೆ ಸೆಕೆಂಡ್ ಲೈನ್ ಅಂತ್ಲೇ ಹೆಸರು, ಇವತ್ತಿಗೂ ಹಾಗೇ ಕರೀತಾರೆ. ಜಾಹೀರಾತಿಗೆ ಗಾಡಿ ಮೇಲೆ ಕೂತು ಬೀದಿಬೀದಿ ಸುತ್ತಿ ನುಡಿಸ್ತಿದ್ದ ಕಾಲದಲ್ಲಿ ಟ್ರಾಂಬೋನಿನವರು ಸ್ಲೈಡ್ ಚಾಚೋಕೆ ಜಾಗ ಬೇಕು ಅಂತ ಗಾಡಿಯ ಹಿಂಬದಿ ಹಲಗೆ ಹತ್ರ ಕೂರ್ತಿದ್ರು, ಆ ಶೈಲಿಗೆ ಟೇಲ್‌ಗೇಟ್ ಅನ್ನೋ ಹೆಸರು ಬಂದಿದ್ದು ಅಲ್ಲಿಂದ. 1901ರಲ್ಲಿ ಹುಟ್ಟಿದ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಚಿಕ್ಕ ಹುಡುಗ ಆಗಿದ್ದಾಗ್ಲೇ ಗೆಳೆಯರನ್ನ ಕಟ್ಕೊಂಡು ಅದೇ ಊರಿನ ಬೀದಿಗಳಲ್ಲಿ ಹಾಡಿ ಚಿಲ್ಲರೆ ಗಳಿಸ್ತಿದ್ದವರು. ಹಾಗಾಗಿ ಬೀದೀಲಿ ಜಾಝ್ ನಡಿಯೋದಿಲ್ಲ ಅನ್ನೋ ಮಾತನ್ನ ಮನಸ್ಸಿಂದ ತೆಗೆದುಹಾಕಿ, ಕ್ಲಬ್ಬಲ್ಲಿ ಕೂತು ಕೇಳೋರಿಗೆ ನುಡಿಸೋ ರೀತೀಲೇ ಬೀದೀಲೂ ನುಡಿಸಿದ್ರೆ ಮಾತ್ರ ನಡಿಯೋದಿಲ್ಲ.

ಮೊದಲನೇ ಕೆಲಸ, ಮೆಲಡಿನ ಮುಂದಕ್ಕೆ ತನ್ನಿ. ತಾಳ ಇಲ್ದೆ ನಿಧಾನಕ್ಕೆ ಎಳೆಯೋ ಇಂಟ್ರೊ ಬೇಡ, ಎಂಟು ಬಾರ್ ಗಿಟಾರ್ ಪೀಠಿಕೆನೂ ಬೇಡ, ನಾಲ್ಕು ಎಣಿಸಿ ನೇರವಾಗಿ ಹೆಡ್‌ಗೆ, ಅಂದ್ರೆ ಹಾಡಿನ ಮೂಲ ಮೆಲಡಿಗೆ, ಬನ್ನಿ. ಹೆಡ್ ಒಂದ್ಸಲ ನುಡಿಸಿದ್ರೆ ಸಾಲ್ದು, ಎರಡ್ಸಲ ನುಡಿಸಿ. ಸೋಲೋ ಶುರುವಾದ್ಮೇಲೆ ಒಬ್ಬೊಬ್ಬರಿಗೆ ಒಂದೇ ಕೋರಸ್, ಜಾಸ್ತಿ ಅಂದ್ರೆ ಎರಡು. ನಾವು ಮಾಡೋ ಒಂದು ಉಪಾಯ ಏನಂದ್ರೆ, ಎಎಬಿಎ ಥರದ, ಅಂದ್ರೆ ಎಂಟೆಂಟು ಬಾರಿನ ನಾಲ್ಕು ಭಾಗದಲ್ಲಿ ಮೂರನೇದು ಮಾತ್ರ ಬೇರೆ ಇರೋ ಹಾಡಲ್ಲಿ ಪ್ರತಿ ಸೋಲೋ ಕೋರಸ್ಸಿನ ಕೊನೇ ಎ ಬಂದಾಗ ಯಾರು ಸೋಲೋ ಮಾಡ್ತಿರ್ತಾರೋ ಅವ್ರು ಮೂಲ ಮೆಲಡಿಗೆ ವಾಪಸ್ ಬರ್ಬೇಕು, ಪಲ್ಲವಿಗೆ ಬಂದ ಹಾಗೆ. ಆ ಎಂಟು ಬಾರು 160ರಲ್ಲಿ ಹನ್ನೆರಡೇ ಸೆಕೆಂಡು. ಆದ್ರೆ ದೂರದಿಂದ ಯಾರು ಯಾವಾಗ ಕೇಳಿಸ್ಕೊಂಡು ಬಂದ್ರೂ ಮುಕ್ಕಾಲು ನಿಮಿಷದೊಳಗೆ ಅವ್ರಿಗೊಂದು ರಾಗ ಕೈಗೆ ಸಿಗುತ್ತೆ, ಅದನ್ನ ಗುನುಗ್ತಾ ಹತ್ರ ಬರ್ತಾರೆ, ಹತ್ರ ಬಂದ್ಮೇಲೆ ನೀವು ಎಷ್ಟು ದೂರ ಅಲೆದಾಡಿದ್ರೂ ಅವ್ರು ಕಾಯ್ತಾರೆ ಯಾಕಂದ್ರೆ ಈ ಮನುಷ್ಯ ವಾಪಸ್ ಬರ್ತಾನೆ ಅಂತ ಅವ್ರಿಗೆ ಗೊತ್ತಾಗಿರುತ್ತೆ.

ಹನ್ನೆರಡು ಬಾರಿನ ಬ್ಲೂಸ್ ಇದೆಯಲ್ಲ, ಅದು ಬೀದಿಗೆ ಹೇಳಿ ಮಾಡಿಸಿದ ಹಾಗಿದೆ. 120 ಟೆಂಪೋದಲ್ಲಿ ಒಂದು ಕೋರಸ್ 24 ಸೆಕೆಂಡಿಗೆ ಮುಗಿಯುತ್ತೆ, ಅಂದ್ರೆ ಒಬ್ಬರು ನಡ್ಕೊಂಡು ನಿಮ್ಮ ಎದುರಿಗೆ ಬರೋಷ್ಟರಲ್ಲಿ ಒಂದು ಕಥೆ ಪೂರ್ತಿ ಹೇಳ್ಬಹುದು. ಮೊದಲ ನಾಲ್ಕು ಬಾರಲ್ಲಿ ಒಂದು ಮಾತು, ಮುಂದಿನ ನಾಲ್ಕರಲ್ಲಿ ಅದೇ ಮಾತು ಇನ್ನೊಂದ್ಸಲ, ಕೊನೇ ನಾಲ್ಕರಲ್ಲಿ ಅದಕ್ಕೆ ಉತ್ತರ. ಹಳೇ ಬ್ಲೂಸ್ ಹಾಡಿನ ಸಾಲುಗಳು ಹೀಗೇ ಇರೋದು, ವಾದ್ಯದಲ್ಲೂ ಹೀಗೇ ನುಡಿಸಿ. ಎರಡನೇ ಸಲ ಅದೇ ಮಾತು ಬಂದಾಗ ಜನ ತಲೆ ಎತ್ತೋದನ್ನ ನಾನು ಎಷ್ಟೋ ಸಲ ನೋಡಿದೀನಿ. ಸಂಗೀತ ಏನೂ ಕಲೀದೆ ಇರೋರಿಗೂ ಇದು ತಿರುಗಿ ಬಂತು ಅನ್ನೋದು ಗೊತ್ತಾಗೇ ಆಗುತ್ತೆ.

ಟೆಂಪೋ ಬಗ್ಗೆ ಒಂದೆರಡು ಮಾತು. ನಡಿಗೆಯ ಹೆಜ್ಜೆ ನಿಮಿಷಕ್ಕೆ 110, 120ರ ಹತ್ರ ಇರುತ್ತೆ, ಮೀಡಿಯಂ ಸ್ವಿಂಗ್, ಅಂದ್ರೆ ಮಧ್ಯಮ ವೇಗದ ತೂಗೋ ಜಾಝ್ ಲಯ, ಅದಕ್ಕೆ ಚೆನ್ನಾಗಿ ಕೂರುತ್ತೆ, 120ರಿಂದ 160ರೊಳಗೆ ನಿಮ್ಮ ಸೆಟ್ಟಿನ, ಅಂದ್ರೆ ಒಂದು ಸರದೀಲಿ ನುಡಿಸೋ ಹಾಡುಗಳ, ಮುಕ್ಕಾಲು ಭಾಗ ಇರ್ಲಿ. 260 ಟೆಂಪೋದ ಬೀಬಾಪ್ ಅನ್ನೋ ವೇಗದ ಜಾಝ್ ನುಡಿಸೋಕೆ ಬಂದ್ರೆ ಸಂತೋಷ, ಒಂದು ಗಂಟೇಲಿ ಒಂದು ನುಡಿಸಿ, ಅದೂ ಆಗ್ಲೇ ಹತ್ತು ಹದಿನೈದು ಜನ ನಿಂತಿರುವಾಗ. ಖಾಲಿ ಬೀದೀಲಿ ಅದನ್ನ ಶುರು ಮಾಡಿದ್ರೆ ಜನ ಇನ್ನೂ ಬೇಗ ನಡೀತಾರೆ. ನಿಧಾನದ ಬ್ಯಾಲಡ್ ಮಧ್ಯಾಹ್ನಕ್ಕಲ್ಲ, ಸಂಜೆ ಬೆಳಕು ಇಳಿಯೋ ಹೊತ್ತಿಗೆ, ಜನರ ಹೆಜ್ಜೆ ತಾನಾಗೇ ನಿಧಾನ ಆದಾಗ.

ಇನ್ನು ಸೋಲೋ ಒಳಗೆ ಏನು ನುಡಿಸ್ಬೇಕು. ಆರ್ಮ್‌ಸ್ಟ್ರಾಂಗ್ ರೆಕಾರ್ಡಿಂಗ್ ಕೇಳಿ, ಅವ್ರು ಎಷ್ಟೋ ಕಡೆ ಮೆಲಡಿನೇ ಹಿಡ್ಕೊಂಡು ಒಂದು ಸ್ವರ ತಡ ಮಾಡಿ, ಇನ್ನೊಂದನ್ನ ಬೇಗ ಹೇಳಿ, ಒಂದು ಕಡೆ ಬಿಟ್ಟುಬಿಟ್ಟು ಹೊಸದು ಮಾಡಿಬಿಡ್ತಾರೆ. ಬೀದಿಗೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ. ಸ್ಯಾಕ್ಸ್ ವಾದಕ ಚಾರ್ಲಿ ಪಾರ್ಕರ್ ಸೋಲೋ ಮಧ್ಯೆ ಎಲ್ಲರಿಗೂ ಗೊತ್ತಿರೋ ಬೇರೆ ಹಾಡಿನ ಒಂದು ತುಣುಕು ಸಿಕ್ಕಿಸ್ತಿದ್ರು, ಅದೂ ಕೆಲಸ ಮಾಡುತ್ತೆ, ಮಕ್ಕಳ ಪದ್ಯದ ಒಂದು ಸಾಲು ಬ್ಲೂಸ್ ಒಳಗೆ ನುಸುಳಿ ಬಂದ್ರೆ ನಿಂತಿರೋ ಮುಖ ಅರಳುತ್ತೆ. ಒಂದ್ಸಲ ಮಾಡಿ ಸಾಕು, ಪದೇಪದೇ ಮಾಡಿದ್ರೆ ಚೀಪ್ ಆಗುತ್ತೆ.

ಇಲ್ಲೊಂದು ವಿಷಯ ಹೇಳ್ಲೇಬೇಕು. ಸ್ಯಾಕ್ಸ್ ವಾದಕ ಸೋನಿ ರಾಲಿನ್ಸ್ 1959ರಿಂದ 1961ರವರೆಗೆ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮೇಲೆ ಹೋಗಿ ಗಂಟೆಗಟ್ಲೆ ನುಡಿಸ್ತಿದ್ರು, ಆ ಕಥೆ ಕೇಳಿ ಎಷ್ಟೋ ಹುಡುಗ್ರು ಬೀದಿಗೆ ಬರ್ತಾರೆ. ಆದ್ರೆ ಅವ್ರು ಅಲ್ಲಿ ಹೋಗಿದ್ದು ಪ್ರಾಕ್ಟೀಸಿಗೆ, ಅಕ್ಕಪಕ್ಕದ ಮನೆಯವರಿಗೆ ತೊಂದ್ರೆ ಆಗ್ಬಾರ್ದು ಅಂತ. ಪ್ರಾಕ್ಟೀಸ್ ಮಾಡೋಕೆ ಸೇತುವೆ ಕೆಳಗೆ ಹೋಗಿ, ತಪ್ಪೇನಿಲ್ಲ, ಆದ್ರೆ ಜನ ಓಡಾಡೋ ಜಾಗದಲ್ಲಿ ಮುಂದೆ ಪೆಟ್ಟಿಗೆ ತೆರೆದಿಟ್ಟು ಲಿಕ್ ಅನ್ನೋ ಒಂದೇ ಕಷ್ಟದ ಸ್ವರದ ತುಣುಕನ್ನ ಇಪ್ಪತ್ತು ಸಲ ತಿದ್ದೋದು ಕೇಳೋರಿಗೆ ಅಗೌರವ. ಹೊಸದಾಗಿ ಕಲೀತಿರೋದನ್ನ ಮನೇಲಿ ಮಾಡಿ, ಬೀದೀಲಿ ನಿದ್ದೆಗಣ್ಣಲ್ಲೂ ಬರೋ ಹಾಡು ಮಾತ್ರ ನುಡಿಸಿ. ಆಗ ನಿಮ್ಮ ಗಮನ ಬೆರಳ ಮೇಲಿರೋದಿಲ್ಲ, ಜನರ ಮೇಲಿರುತ್ತೆ.

ಜಾಗ. ಬಯಲಲ್ಲಿ ದೂರ ದುಪ್ಪಟ್ಟಾದಾಗೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತೆ, ಅದಕ್ಕೇ ವಿಶಾಲವಾದ ಚೌಕದ ನಟ್ಟನಡುವೆ ನಿಂತ್ರೆ ಗಾಳಿಗೆ ಊದಿದ ಹಾಗೆ. ಬೆನ್ನ ಹಿಂದೆ ಕಲ್ಲಿನದ್ದೋ ಇಟ್ಟಿಗೇದೋ ಒಂದು ಗೋಡೆ ಇರ್ಲಿ, ಹಿಂದಕ್ಕೆ ಹೋಗೋ ಸದ್ದು ಮುಂದಕ್ಕೆ ಬರುತ್ತೆ. ಡಬಲ್ ಬಾಸ್ ಇದ್ರೆ ಅವ್ರನ್ನ ಗೋಡೆಗೆ ಹತ್ತಿರ, ಸಾಧ್ಯ ಆದ್ರೆ ಮೂಲೇಲಿ ನಿಲ್ಲಿಸಿ, ಕೆಳಗಿನ ಸ್ವರಗಳು ಅಲ್ಲಿ ತುಂಬ್ಕೊಳ್ಳುತ್ವೆ. ಜನ ನಿಲ್ಲೋಕೆ ಅಂತ ನಿಮ್ಮ ಮುಂದೆ ಜಾಗ ಇದೆಯಾ ನೋಡಿ, ಇದು ಎಲ್ಲಕ್ಕಿಂತ ಮುಖ್ಯ. ಕಾಲುದಾರಿ ಎರಡು ಮೀಟರ್ ಅಗಲ ಇದ್ರೆ ಇಷ್ಟ ಆದೋರಿಗೂ ನಿಲ್ಲೋಕೆ ಆಗೋದಿಲ್ಲ, ಹಿಂದಿಂದ ತಳ್ತಾರೆ. ನೆರಳೂ ನೋಡಿ, ನಿಮಗಲ್ಲ, ಕೇಳೋರಿಗೆ. ನೀವು ನೆರಳಲ್ಲಿ ನಿಂತು ಅವ್ರನ್ನ ಬಿಸಿಲಿಗೆ ಬಿಟ್ರೆ ಒಂದು ಹಾಡಿಗೇ ಕರಗ್ತಾರೆ.

ಹೊತ್ತೂ ಅಷ್ಟೇ ಮುಖ್ಯ. 2007ರ ಜನವರೀಲಿ ವಾಷಿಂಗ್ಟನ್ ಡಿ.ಸಿ.ಯ ಒಂದು ಮೆಟ್ರೋ ಸ್ಟೇಷನ್ನಲ್ಲಿ ಜೋಶುವಾ ಬೆಲ್ ಅಂಥ ದೊಡ್ಡ ವಯೊಲಿನ್ ವಾದಕ ಯಾರಿಗೂ ಹೇಳ್ದೆ 43 ನಿಮಿಷ ನುಡಿಸಿದ್ರು, ದಾಟಿ ಹೋದ 1,097 ಜನರಲ್ಲಿ ನಿಂತು ಕೇಳಿದ್ದು 7 ಜನ. ಇದನ್ನ ಜನರಿಗೆ ಕಲೆ ಬೇಡ ಅನ್ನೋದಕ್ಕೆ ಸಾಕ್ಷಿ ಅಂತ ಹೇಳ್ತಾ ಇರ್ತಾರೆ, ನಂಗೆ ಆ ಮಾತು ಒಪ್ಪಿಗೆ ಇಲ್ಲ. ಅದು ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಓಡ್ತಿದ್ದ ಹೊತ್ತು, ಮೆಟ್ರೋ ಬಾಗಿಲು ಹತ್ರದ ಜಾಗ. ಕಾಲ ಸರಿ ಇರ್ಲಿಲ್ಲ ಅಷ್ಟೇ. ಜನರ ಹತ್ರ ಐದು ನಿಮಿಷ ಇರೋ ಹೊತ್ತು ಹುಡುಕಿ: ಮಧ್ಯಾಹ್ನದ ಬಿಡುವು, ರಜಾ ದಿನದ ಸಂಜೆ, ಯಾರೋ ಬರ್ಲಿ ಅಂತ ಕಾಯ್ತಾ ನಿಲ್ಲೋ ಜಾಗಗಳು.

ಈಗ ಬರ್ತೀನಿ ನಂಗೆ ತುಂಬಾ ಇಷ್ಟವಾದ ವಿಷಯಕ್ಕೆ. ಜನ ನಿಲ್ತಾರೋ ಇಲ್ವೋ ಅಂತ ತಿಳ್ಕೋಬೇಕಂದ್ರೆ ಮುಖ ನೋಡ್ಬೇಡಿ, ಪಾದ ನೋಡಿ. ಒಬ್ಬರು ಹೆಗಲಿಗೆ ಬ್ಯಾಗ್ ಹಾಕ್ಕೊಂಡು ಬರ್ತಿರ್ತಾರೆ, ನಿಮ್ಮ ಹತ್ರ ಬಂದಾಗ ಹೆಜ್ಜೆ ಸ್ವಲ್ಪ ಸಣ್ಣದಾಗುತ್ತೆ, ತಲೆ ಈ ಕಡೆ ತಿರುಗುತ್ತೆ, ನಿಲ್ತಾರೆ, ಆದ್ರೆ ಎರಡೂ ಪಾದ ಇನ್ನೂ ಹೋಗ್ಬೇಕಾದ ದಾರಿ ಕಡೇನೇ ಇರುತ್ತೆ. ಅವ್ರು ಇನ್ನೂ ನಿಂತಿಲ್ಲ ಅಂತ್ಲೇ ತಿಳ್ಕೊಳ್ಳಿ. ಈ ಹೊತ್ತಲ್ಲಿ ನೇರವಾಗಿ ಕಣ್ಣಿಟ್ಟು ನೋಡಿದ್ರೆ ಹಣ ಕೇಳ್ತಿದಾರೆ ಅನ್ಸಿ ಹೊರಟುಬಿಡ್ತಾರೆ. ನಾನು ಏನು ಮಾಡ್ತೀನಿ ಅಂದ್ರೆ ಗಿಟಾರಿನವ್ರ ಕಡೆ ತಿರುಗಿ ಅವ್ರ ಜೊತೆ ಆಟ ಆಡ್ತಾ ಇರ್ತೀನಿ, ಮೆಲಡಿ ಒಂದು ಸಾಲು ನುಡಿಸ್ತೀನಿ, ಸಾಲು ಮುಗಿದು ಉಸಿರು ತಗೊಳ್ಳೋ ಜಾಗದಲ್ಲಿ ಆ ಬ್ಯಾಗಿನವ್ರ ಕಡೆ ಒಂದ್ಸಲ ಹುಬ್ಬು ಎತ್ತಿ ನೋಡಿ ಮತ್ತೆ ಗಿಟಾರ್ ಕಡೆ ತಿರುಗ್ತೀನಿ. ಒಂದು ಪಾದ ನಿಮ್ಮ ಕಡೆ ತಿರುಗ್ತು ಅಂದ್ರೆ ಈ ಹಾಡು ಮುಗಿಯೋವರೆಗೆ ಇರ್ತಾರೆ. ಎರಡೂ ತಿರುಗಿ ಬ್ಯಾಗ್ ಕೆಳಗಿಟ್ರೆ ಮುಂದಿನ ಹಾಡಿಗೂ ಇರ್ತಾರೆ. ಅಷ್ಟಾದ್ಮೇಲೆ ಧಾರಾಳವಾಗಿ ಅವ್ರನ್ನ ನೋಡಿ, ನಗಿ, ಅವ್ರಿಗೋಸ್ಕರನೇ ಅನ್ನೋ ಹಾಗೆ ನುಡಿಸಿ.

ಮೊದಲು ನಿಂತ ಒಬ್ಬರನ್ನ ಚೆನ್ನಾಗಿ ನೋಡ್ಕೊಳ್ಳಿ, ಮಿಕ್ಕೋರೆಲ್ಲ ಅವ್ರನ್ನ ನೋಡೇ ನಿಲ್ಲೋದು. 1969ರಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮತ್ತೆ ಅವ್ರ ಜೊತೆಗಾರರು ನ್ಯೂಯಾರ್ಕ್ ಕಾಲುದಾರಿ ಬಗ್ಗೆ ಒಂದು ಪ್ರಯೋಗ ಪ್ರಕಟಿಸಿದ್ರು, ಒಬ್ಬನೇ ನಿಂತು ಮೇಲೆ ನೋಡ್ತಿದ್ರೆ ದಾರಿಹೋಕರಲ್ಲಿ ಜೊತೆಗೆ ನಿಂತಿದ್ದು ಶೇಕಡಾ 4, ಹದಿನೈದು ಜನ ನಿಂತು ನೋಡ್ತಿದ್ರೆ ಶೇಕಡಾ 40. ಅವ್ರೆಲ್ಲ ನೋಡ್ತಿದ್ದಿದ್ದು ಒಂದು ಕಟ್ಟಡದ ಕಿಟಕಿ ಅಷ್ಟೇ. ನಿಮ್ಮ ಹತ್ರ ಸಂಗೀತ ಇದೆ. ಸೆಟ್ಟಿನ ಮೊದಲ ಅರ್ಧ ಗಂಟೆ ಕಷ್ಟ ಅನ್ಸುತ್ತೆ, ಯಾರೂ ಇರಲ್ಲ, ಆ ಹೊತ್ತಲ್ಲಿ ಬೇಜಾರಾಗಿ ಜಾಗ ಬದಲಾಯಿಸ್ಬೇಡಿ. ನಾಲ್ಕೈದು ಜನ ಆಗೋವರೆಗೆ ಹಾಡು ಮುಗಿಸಿ ಗ್ಯಾಪ್ ಕೊಡ್ಲೂ ಬೇಡಿ, ಒಂದರ ಕೊನೇ ಸ್ವರದ ಮೇಲೇ ಗಿಟಾರ್ ಇನ್ನೊಂದನ್ನ ಶುರು ಮಾಡ್ಲಿ, ಸದ್ದು ನಿಂತ್ರೆ ಆ ಮೊದಲನೆಯವರಿಗೆ ಹೊರಡೋಕೆ ನೆಪ ಸಿಗುತ್ತೆ.

ಮ್ಯೂಸಿಕ್ ಸ್ಟ್ಯಾಂಡು, ಟ್ಯಾಬ್ಲೆಟ್ಟು, ಕಪ್ಪು ಕನ್ನಡಕ, ಮೂರನ್ನೂ ಮನೇಲಿ ಬಿಟ್ಟು ಬನ್ನಿ. ನಿಮ್ಮ ಕಣ್ಣು ಕಾಣ್ಬೇಕು. ಜಾಝಲ್ಲಿ ವಾದಕರು ಒಬ್ಬರಿಗೊಬ್ಬರು ಉತ್ತರ ಕೊಡ್ತಾ ಹೋಗೋದೇ ದೊಡ್ಡ ಸೊಗಸು, ಹೊಸಬರ ಕಿವಿಗೆ ಅದು ಬೇಗ ಗೊತ್ತಾಗೋದಿಲ್ಲ, ಕಣ್ಣಿಗೆ ಗೊತ್ತಾಗುತ್ತೆ. ಅದಕ್ಕೆ ಸ್ಯಾಕ್ಸ್ ಒಂದು ಮಾತು ಹೇಳಿದಾಗ ಗಿಟಾರಿನವ್ರು ತಲೆ ಎತ್ತಿ ನೋಡಿ ನಗ್ಲಿ, ಅದೇ ಮಾತನ್ನ ತಿರುಚಿ ವಾಪಸ್ ಕೊಡ್ಲಿ, ನೀವು ಅವ್ರ ಕಡೆ ಬಾಗಿ ಕೇಳಿ. ಒಳ್ಳೇದು ನುಡಿಸಿದಾಗ ಬಾಯಿಬಿಟ್ಟು ಭಲೇ ಅನ್ನಿ. ನಾಟಕ ಮಾಡಿ ಅಂತಲ್ಲ, ಒಳಗೆ ಆಗ್ತಿರೋ ಖುಷೀನ ಮುಚ್ಚಿಡ್ಬೇಡಿ ಅಂತ. ನಾಲ್ಕು ನಾಲ್ಕು ಬಾರ್ ಹಂಚ್ಕೊಂಡು ನುಡಿಸೋದು, ಟ್ರೇಡಿಂಗ್ ಫೋರ್ಸ್ ಅಂತೀವಲ್ಲ, ಬೀದೀಲಿ ಉದ್ದ ಸೋಲೋಗಿಂತ ಹತ್ತು ಪಟ್ಟು ಚೆನ್ನಾಗಿ ಕೆಲಸ ಮಾಡುತ್ತೆ, ಇಬ್ಬರು ಜಗಳ ಆಡೋದನ್ನ ನೋಡೋಕೆ ನಿಂತ ಹಾಗೆ ಜನ ಈ ಕಡೆ ಆ ಕಡೆ ತಲೆ ತಿರುಗಿಸ್ತಾ ನಿಲ್ತಾರೆ. ಬಾಸ್ ಸೋಲೋ ಮಾತ್ರ ಬೀದೀಲಿ ಬೇಡ ಅನ್ಸುತ್ತೆ, ನಾಲ್ಕು ಮೀಟರಾಚೆಗೆ ಕೇಳ್ಸೋದೇ ಇಲ್ಲ, ಆದ್ರೆ ಬಾಸಿನವ್ರಿಗೆ ಟ್ರೇಡಲ್ಲಿ ಎರಡು ಬಾರ್ ಕೊಡಿ, ಮಿಕ್ಕೋರು ಪೂರ್ತಿ ನಿಲ್ಲಿಸಿಬಿಡಿ, ಆ ದಿಢೀರ್ ಮೌನದಲ್ಲಿ ಅವ್ರ ತಂತಿ ಸದ್ದು ಎಲ್ರಿಗೂ ಮುಟ್ಟುತ್ತೆ.

ಒಂದು ಸಂಜೆ ಹೀಗಾಯ್ತು. ಮೂರು ಮೂರೂವರೆ ವರ್ಷದ ಒಂದು ಮಗು, ಅಮ್ಮನ ಬೆರಳು ಬಿಡಿಸ್ಕೊಂಡು ನನ್ನ ಸ್ಯಾಕ್ಸಿನ ಬಾಯಿಗೆ ಮುಖ ಕೊಡೋಷ್ಟು ಹತ್ರ ಬಂದು ನಿಂತು, ನಾನು ಒಂದು ಸಾಲು ನಿಲ್ಲಿಸಿದಾಗ ಬೂಟುಗಾಲಲ್ಲಿ ಟಪ್, ಟಪ್‌ಟಪ್ ಅಂತ ನೆಲ ತುಳೀತು. ನಾನು ಸೋಲೋ ಬಿಟ್ಟು ಒಂದೇ ಸ್ವರದಲ್ಲಿ ಅದೇ ಟಪ್, ಟಪ್‌ಟಪ್ ನುಡಿಸ್ದೆ. ಮಗು ಒಂದು ಕ್ಷಣ ಗಾಬರಿ ಆಗಿ ಅಮ್ಮನ್ನ ನೋಡ್ತು, ಆಮೇಲೆ ಅರ್ಥ ಆಯ್ತು, ಈ ಸಲ ಟಪ್‌ಟಪ್‌ಟಪ್ ಅಂತು, ನಾನೂ ಅಂದೆ. ಗಿಟಾರಿನ ಗೆಳೆಯ ಕಾರ್ಡ್ ಬದಲಾಯಿಸ್ತಾ ಬ್ಲೂಸ್ ಬಿಡ್ದೆ ಹಿಡ್ಕೊಂಡಿದ್ದ, ಎರಡೆರಡು ಬಾರ್ ಮಗು, ಎರಡೆರಡು ಬಾರ್ ನಾನು, ಪೂರ್ತಿ ಮೂರು ಕೋರಸ್ ಹೋಯ್ತು. ತಲೆ ಎತ್ತಿ ನೋಡಿದ್ರೆ ಸುತ್ತ ಮೂವತ್ತು ಜನ ಇರ್ಬಹುದು, ಯಾರೂ ಫೋನ್ ನೋಡ್ತಿರ್ಲಿಲ್ಲ. ಆವತ್ತು ನನ್ನ ಅತ್ಯುತ್ತಮ ಸೋಲೋ ಯಾವುದು ಅಂದ್ರೆ ಆ ಒಂದೇ ಸ್ವರದ್ದು. ಕೇಳೋರು ಏನು ಕೊಡ್ತಾರೋ, ಕೆಮ್ಮು, ಶಿಳ್ಳೆ, ಕಾಲ್ಸದ್ದು, ಯಾವುದೋ ಸೈಕಲ್ ಗಂಟೆ, ಅದನ್ನ ತಗೊಂಡು ವಾಪಸ್ ಕೊಡಿ. ಇಂಪ್ರೊವೈಸ್ ಮಾಡೋಕೆ ಕಲ್ತಿರೋದು ಇದಕ್ಕೇ ಅಲ್ವಾ.

ಈ ಕಾರಣಕ್ಕೇ ನಂಗೆ ಬ್ಯಾಕಿಂಗ್ ಟ್ರ್ಯಾಕ್, ಅಂದ್ರೆ ಮೊದಲೇ ರೆಕಾರ್ಡ್ ಮಾಡಿದ ಹಿನ್ನೆಲೆ ಸಂಗೀತ, ಇಟ್ಕೊಂಡು ನುಡಿಸೋದು ಇಷ್ಟ ಇಲ್ಲ. ಒಬ್ಬರೇ ಇದ್ರೆ ಕಷ್ಟ ಅನ್ನೋದು ನಿಜ, ಆದ್ರೆ ಟ್ರ್ಯಾಕು ಮಗೂಗೋಸ್ಕರ ಇನ್ನೊಂದು ಕೋರಸ್ ಕಾಯೋದಿಲ್ಲ. ಇಬ್ಬರಾಗಿ, ಗಿಟಾರ್ ಇಲ್ಲಾ ಬ್ಯಾಂಜೋ ಇಲ್ಲಾ ಅಕಾರ್ಡಿಯನ್ ಒಬ್ಬರು ಸಿಕ್ಕಿದ್ರೂ ಸಾಕು. ಯಾರೂ ಸಿಗದಿದ್ರೆ ಒಬ್ಬರೇ ಖಾಲಿ ಸ್ಯಾಕ್ಸಲ್ಲಿ ಬ್ಲೂಸ್ ನುಡಿಸಿ, ಕಾಲಲ್ಲಿ ತಾಳ ಹಾಕಿ, ಟ್ರ್ಯಾಕಿಗಿಂತ ಅದೇ ಜೀವಂತ.

ಚಪ್ಪಾಳೆ ವಿಷಯ. ಜನ ಖುಷಿಯಾದಾಗ ತಾಳ ಹಾಕ್ತಾರೆ, ಸಾಮಾನ್ಯವಾಗಿ 1 ಮತ್ತೆ 3ನೇ ಬೀಟ್ ಮೇಲೆ, ಸ್ವಿಂಗಿಗೆ ಬೇಕಾಗಿರೋದು 2 ಮತ್ತೆ 4. ದಯವಿಟ್ಟು ಮುಖ ಸಿಂಡರಿಸ್ಬೇಡಿ, ನಿಲ್ಲಿಸಿ ಪಾಠ ಮಾಡ್ಲೂ ಬೇಡಿ. ಹ್ಯಾರಿ ಕಾನಿಕ್ ಜೂನಿಯರ್ ಒಂದು ಕಛೇರೀಲಿ ಸಭಿಕರು 1 ಮತ್ತೆ 3ಕ್ಕೆ ತಟ್ತಾ ಇದ್ದಾಗ ಪಿಯಾನೋ ನುಡಿಸ್ತಾ ನುಡಿಸ್ತಾ ಮಧ್ಯೆ ಒಂದು ಬೀಟ್ ಜಾಸ್ತಿ ಸೇರಿಸಿಬಿಟ್ರು, ಜನ ತಮ್ಮ ಪಾಡಿಗೆ ತಟ್ತಾನೇ ಇದ್ರು, ಆದ್ರೆ ಚಪ್ಪಾಳೆ 2 ಮತ್ತೆ 4ಕ್ಕೆ ಬಂದು ಕೂತಿತ್ತು. ಆ ವಿಡಿಯೋ ನೋಡಿದ್ಮೇಲೆ ನಾವೂ ಅಭ್ಯಾಸ ಮಾಡಿದ್ವಿ. ಬ್ಯಾಂಡಿನ ಎಲ್ರೂ ಒಪ್ಕೊಂಡಿರ್ಬೇಕು, ಒಂದು ಸನ್ನೆ ಇರ್ಬೇಕು, ಇಲ್ಲಾಂದ್ರೆ ನಿಮ್ಮಲ್ಲೇ ಒಬ್ಬೊಬ್ಬರು ಒಂದೊಂದು ಕಡೆ ಹೋಗ್ತೀರಿ. ಅಷ್ಟು ಧೈರ್ಯ ಇಲ್ದಿದ್ರೆ ಗಿಟಾರಿನವ್ರು 2 ಮತ್ತೆ 4ಕ್ಕೆ ಜೋರಾಗಿ ಗೀರ್ಲಿ, ನೀವು ಊದದೇ ಇರೋವಾಗ ಆ ಬೀಟಿಗೆ ಕೈ ತಟ್ಟಿ ತೋರ್ಸಿ, ಅರ್ಧ ಜನ ಬರ್ತಾರೆ. ಬರದಿದ್ರೂ ಪರವಾಗಿಲ್ಲ, ಅವ್ರು ಕೈ ತಟ್ತಿದಾರೆ ಅನ್ನೋದು ದೊಡ್ಡದು.

ಜನ ಹತ್ರ ಸೇರಿದ್ಮೇಲೆ ಸದ್ದು ಹೆಚ್ಚಿಸ್ಬೇಡಿ, ಇಳಿಸಿ. ಆರಂಭದಲ್ಲಿ ದೂರಕ್ಕೆ ಕೂಗ್ಬೇಕು, ಹತ್ತು ಜನ ಸೇರಿದ್ಮೇಲೆ ಒಂದು ಕೋರಸ್ ಪಿಸುಮಾತಲ್ಲಿ ನುಡಿಸಿ ನೋಡಿ, ಎಲ್ರೂ ಒಂದು ಹೆಜ್ಜೆ ಮುಂದೆ ಬರ್ತಾರೆ. ಆ ಒಂದು ಹೆಜ್ಜೆಗೆ ನಾನು ಏನು ಬೇಕಾದ್ರೂ ಕೊಡ್ತೀನಿ. ಬ್ಯಾಟರಿ ಆಂಪ್, ಅಂದ್ರೆ ಸದ್ದು ಹೆಚ್ಚಿಸೋ ಸ್ಪೀಕರ್ ಡಬ್ಬ, ಇದ್ರೆ ಗಿಟಾರಿಗೆ ಮಾತ್ರ ಇಡಿ, ನೆಲಕ್ಕೆ ಇಟ್ರೆ ಹಿಂದಕ್ಕೆ ವಾಲಿಸಿ, ಇಲ್ಲಾಂದ್ರೆ ಸದ್ದು ಮೊಣಕಾಲಿಗೆ ಹೋಗುತ್ತೆ ಕಿವಿಗೆ ಬರೋದಿಲ್ಲ.

ಹಾಡು ಮುಗಿಸೋದನ್ನೂ ಕಲೀಬೇಕು. ಜಾಝ್ ಗೊತ್ತಿಲ್ದೋರಿಗೆ ಎಲ್ಲಿ ಮುಗೀತು ಅನ್ನೋದೇ ಗೊತ್ತಾಗಲ್ಲ, ಚಪ್ಪಾಳೆ ತಟ್ಟೋದಾ ಬೇಡ್ವಾ ಅಂತ ಅನುಮಾನದಲ್ಲೇ ಹೊರಟುಹೋಗ್ತಾರೆ. ಕೊನೇ ನಾಲ್ಕು ಬಾರ್‌ನ ಮೂರು ಸಲ ತಿರುಗಿಸಿ, ಅದೇ ಟ್ಯಾಗು, ಮೂರನೇ ಸಲಕ್ಕೆ ನಿಧಾನ ಮಾಡಿ ಎಲ್ರೂ ಒಟ್ಟಿಗೆ ನಿಲ್ಲಿಸಿ, ವಾದ್ಯ ಬಾಯಿಂದ ತೆಗೆದು ತಲೆ ಎತ್ತಿ ಮೂರು ಸೆಕೆಂಡ್ ಜನರನ್ನ ನೋಡಿ. ಆ ಮೂರು ಸೆಕೆಂಡು ಅವ್ರದ್ದು. ಅಲ್ಲಿ ನೀವು ತಕ್ಷಣ ಬಗ್ಗಿ ನೀರು ಕುಡಿದ್ರೆ, ಇಲ್ಲಾ ಮುಂದೆ ಯಾವ್ದು ನುಡಿಸೋಣ ಅಂತ ಒಬ್ಬರಿಗೊಬ್ಬರು ಬೆನ್ನು ತೋರ್ಸಿ ಚರ್ಚೆ ಮಾಡಿದ್ರೆ ಮುಗೀತು, ಗುಂಪು ಕರಗುತ್ತೆ. ಮೊದಲ ನಾಲ್ಕೈದು ಹಾಡಿನ ಕ್ರಮ ಮನೇಲೇ ಮಾತಾಡ್ಕೊಂಡು ಬನ್ನಿ.

ಮಾತು ಬೇಕು, ಆದ್ರೆ ಒಂದೇ ವಾಕ್ಯ. ರಚಿಸಿದ್ದು ಯಾರು, ಯಾವ ವರ್ಷ, ಯಾವ ಆಲ್ಬಮ್ ಅಂತ ಹೇಳ್ತಾ ಹೋದ್ರೆ ಕ್ಲಾಸ್ ಆಗುತ್ತೆ. ಇದು ಮನೆಗೆ ತಡವಾಗಿ ವಾಪಸ್ ಹೋಗ್ತಿರೋರ ಹಾಡು, ಅಂತ ಅಷ್ಟು ಹೇಳಿ ಶುರು ಮಾಡಿ, ಕೇಳೋರು ಮಿಕ್ಕಿದ್ದನ್ನ ತಾವೇ ತುಂಬ್ಕೊಳ್ತಾರೆ. ಯಾರಾದ್ರೂ ಬಂದು ಆ ಹಾಡು ಬರುತ್ತಾ ಅಂತ ಕೇಳಿದ್ರೆ, ಬಂದ್ರೆ ಬಿಡದೆ ನುಡಿಸಿ, ಬರದಿದ್ರೆ ಸುಮ್ನೆ ಇಲ್ಲ ಅನ್ಬೇಡಿ, ಒಂದು ಸಾಲು ಹಾಡಿ ತೋರ್ಸಿ ಅಂತ ಕೇಳಿ, ಅವ್ರು ನಾಚ್ಕೊಂಡು ಗುನುಗಿದ್ದನ್ನ ಹಿಡ್ಕೊಂಡು ಒಂದು ಕೋರಸ್ ಮಾಡಿ. ಪೂರ್ತಿ ಸರಿ ಇರ್ಬೇಕಾಗಿಲ್ಲ, ಅವ್ರ ಮುಖ ನೋಡಿ ಗೊತ್ತಾಗುತ್ತೆ. ಕುಡಿದು ಬಂದು ಮೈಮೇಲೆ ಬೀಳೋರಿಗೆ ನಗ್ತಾನೇ ಒಂದು ಹೆಜ್ಜೆ ಹಿಂದೆ ಸರಿದು ವೇಗದ ಹಾಡು ಶುರು ಮಾಡೋದು ನಮ್ಮ ರೀತಿ, ಕುಣಿದು ಸುಸ್ತಾಗಿ ಹೋಗ್ತಾರೆ. ಕೈಗೆ ವಾದ್ಯ ಕೊಡಿ ಅಂದ್ರೆ ಮಾತ್ರ ಖಡಾಖಂಡಿತ ಇಲ್ಲ.

ಹಣದ ಪೆಟ್ಟಿಗೆ ನಿಮ್ಮ ಮತ್ತೆ ಜನರ ನಟ್ಟನಡುವೆ ಇಟ್ರೆ ಅದೊಂದು ಬೇಲಿ ಆಗುತ್ತೆ, ಹಾಕೋಕೆ ಬರೋರು ಎಲ್ಲರ ಮುಂದೆ ಸ್ಟೇಜಿಗೆ ಬಂದ ಹಾಗೆ ಮುಜುಗರ ಪಡ್ತಾರೆ. ಸ್ವಲ್ಪ ಪಕ್ಕಕ್ಕೆ, ಅವ್ರು ಹೊರಡೋ ದಾರೀಲಿ ಇಡಿ. ಫೋನಲ್ಲಿ ಸ್ಕ್ಯಾನ್ ಮಾಡಿ ಕೊಡೋ ಕೋಡ್ ಒಂದು ದೊಡ್ಡದಾಗಿ ಪ್ರಿಂಟ್ ಮಾಡಿಡಿ, ಬ್ಯಾಂಡ್ ಹೆಸರೂ ಇರ್ಲಿ. ಯಾರೇ ಹಾಕಿದ್ರೂ, ಊದ್ತಾ ಇದ್ರೂ ಪರವಾಗಿಲ್ಲ, ತಲೆ ಬಾಗ್ಸಿ. ಹಾಕದೆ ಹೋದೋರಿಗೂ ಅಷ್ಟೇ ಮರ್ಯಾದೆ ಕೊಡಿ.

ಸುತ್ತಮುತ್ತ ಇರೋರನ್ನ ಮರೀಬೇಡಿ. ದಾಟಿ ಹೋಗೋರು ಒಂದು ನಿಮಿಷ ಕೇಳ್ತಾರೆ, ಎದುರಿಗೆ ಅಂಗಡೀಲಿ ಕೆಲಸ ಮಾಡೋರು, ಮೇಲಿನ ಮನೆಯವರು ಮೂರು ಗಂಟೆ ಕೇಳ್ತಾರೆ. ಅದೇ ಐದು ಹಾಡು ಸುತ್ತಿಸುತ್ತಿ ನುಡಿಸಿದ್ರೆ ಅವ್ರು ದೂರು ಕೊಡೋದು ನ್ಯಾಯ. ಮೊದಲೇ ಹೋಗಿ ಮಾತಾಡ್ಸಿ, ಗಂಟೆಗೊಮ್ಮೆ ಜಾಗ ಬದಲಾಯಿಸಿ, ಮೂವತ್ತು ಹಾಡಾದ್ರೂ ಕೈಲಿಟ್ಕೊಳ್ಳಿ. ಕೆಲವು ಕಡೆ ಲೈಸೆನ್ಸ್ ಬೇಕು, ಕೆಲವು ಕಡೆ ಆಂಪ್ ಹಾಕಂಗಿಲ್ಲ, ಕೆಲವು ಕಡೆ ಹೊತ್ತು ಗೊತ್ತು ಇದೆ, ಅದನ್ನ ಮೊದಲೇ ವಿಚಾರಿಸ್ಕೊಳ್ಳಿ, ಗುಂಪು ಸೇರಿದ್ಮೇಲೆ ಎಬ್ಬಿಸ್ಕೊಂಡು ಹೋಗೋದು ಕೇಳ್ತಿರೋರಿಗೆ ಬಹಳ ಬೇಜಾರು.

ಚಳಿ ಇದ್ರೆ ಸ್ಯಾಕ್ಸ್, ಟ್ರಂಪೆಟ್ ಶ್ರುತಿ ಇಳಿಯುತ್ತೆ, ಗಿಟಾರ್ ತಂತಿ ಬಿಗಿದು ಏರುತ್ತೆ, ಇಬ್ಬರೂ ವಿರುದ್ಧ ದಿಕ್ಕಿಗೆ ಹೋಗೋದ್ರಿಂದ ಎರಡು ಹಾಡಿಗೊಮ್ಮೆ ನೋಡ್ಕೊಳ್ಳಿ. ನೀವು ನುಡಿಸದೇ ಇರೋ ಕೋರಸ್ಸಲ್ಲಿ ಸದ್ದಿಲ್ದೆ ವಾದ್ಯದೊಳಗೆ ಬಿಸಿ ಉಸಿರು ಬಿಡ್ತಾ ಇರಿ.

ದೂರ ಇರೋರ ಬಗ್ಗೆ ಒಂದು ಮಾತು. ನಾವು ನುಡಿಸೋ ಒಂದು ಜಾಗದಲ್ಲಿ ಇಪ್ಪತ್ತು ಮೀಟರ್ ಆಚೆ ಒಂದು ಬೆಂಚಿದೆ. ಅಲ್ಲಿ ಒಬ್ಬ ವಯಸ್ಸಾದ ಯಜಮಾನರು ವಾರವಾರ ಬಂದು ಕೂರ್ತಿದ್ರು, ಒಂದು ದಿನಾನೂ ಹತ್ರ ಬಂದಿಲ್ಲ, ಚಪ್ಪಾಳೆ ತಟ್ಟಿಲ್ಲ, ಈ ಕಡೆ ನೋಡಿದ್ದೂ ಕಡಿಮೆ. ಅವ್ರಿಗೆ ನಮ್ಮ ಸದ್ದು ಕಿರಿಕಿರಿ ಅಂತ್ಲೇ ನಾನು ಅಂದ್ಕೊಂಡಿದ್ದೆ. ಒಂದ್ಸಲ ಬಿಡುವಲ್ಲಿ ಅವ್ರ ಹಿಂದಿಂದ ದಾಟಿ ಹೋದಾಗ, ನಮ್ಮ ಗಿಟಾರ್ ಇನ್ನೂ ನುಡೀತಾ ಇತ್ತು, ಊರುಗೋಲಿನ ಹಿಡಿ ಮೇಲೆ ಅವ್ರ ತೋರುಬೆರಳು ಮೆಲ್ಲಗೆ ಬಡೀತಾ ಇತ್ತು, ಕರೆಕ್ಟಾಗಿ 2 ಮತ್ತೆ 4ಕ್ಕೆ. ಇನ್ನೊಂದು ವಾರ ನಾವು ಬ್ಯಾಲಡ್ ಬಿಟ್ಟು ಬೇಗ ಪ್ಯಾಕ್ ಮಾಡ್ತಿದ್ವಿ, ಮೊದಲ ಸಲ ಎದ್ದು ಬಂದು, ಯಾಕಪ್ಪಾ ಇವತ್ತು ಆ ನಿಧಾನದ್ದು ನುಡಿಸ್ಲಿಲ್ಲ ಅಂತ ಕೇಳಿದ್ರು. ಪೆಟ್ಟಿಗೆಗೆ ಹಾಕಿದ್ದ ಸ್ಯಾಕ್ಸ್ ಮತ್ತೆ ಜೋಡಿಸಿ ಅವ್ರೊಬ್ಬರಿಗೇ ನುಡಿಸಿದ್ವಿ.

ಅದಾದ್ಮೇಲಿಂದ ಸೆಟ್ ಮುಗಿದ ತಕ್ಷಣ ನಾವು ಪೆಟ್ಟಿಗೆ ಮುಚ್ಚೋದಿಲ್ಲ. ವಾದ್ಯ ಕುತ್ತಿಗೇಲೇ ಇರುತ್ತೆ, ಗಿಟಾರಿನವ್ನು ಸುಮ್ನೆ ಮೆತ್ತಗೆ ಕಾರ್ಡ್ ಹಿಡ್ಕೊಂಡು ಕೂತಿರ್ತಾನೆ, ಹತ್ತು ನಿಮಿಷ. ಮಾತಾಡ್ಬೇಕು ಅಂತ ಇಷ್ಟೊತ್ತು ಹಿಂದೆ ನಿಂತಿದ್ದೋರು ಬರೋದು ಆ ಹತ್ತು ನಿಮಿಷದಲ್ಲೇ.